ಹಾಡೋ, ಹಗಲುನಿದ್ದೆಯೋ

ನಮ್ಮೂರಲ್ಲಿ ಮಕ್ಕಳ ವಯಸ್ಸು ಕೇಳಿದರೆ ಯಾರೂ ಇಸವಿ ಹೇಳುವುದಿಲ್ಲ. ‘ಕನ್ನಡಿ ಇಲ್ಲದ ವರ್ಷ ಹುಟ್ಟಿದ್ದು’ ಅನ್ನುತ್ತಾರೆ, ಇಲ್ಲವೇ ‘ಹುಣಸೆ ಹುಳಿ ಬಿಟ್ಟ ವರ್ಷ ಅಂಬೆಗಾಲಿಡ್ತಿತ್ತು’ ಅನ್ನುತ್ತಾರೆ. ಪರವೂರಿನವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನೋಡಲಿ ಬಿಡಿ. ವರ್ಷಕ್ಕೆ ಒಂದು ವಸ್ತು ನಮ್ಮೂರಿನಿಂದ ರಜೆ ಹೋಗುತ್ತದೆ. ಯುಗಾದಿಯ ಮಾರನೆಯ ದಿನ ಹೋದದ್ದು ಮುಂದಿನ ಯುಗಾದಿಗೆ ಏನೂ ಆಗಿಲ್ಲವೆಂಬಂತೆ ತಿರುಗಿ ಬರುತ್ತದೆ. ಕನ್ನಡಿ ರಜೆ ಹೋದ ವರ್ಷ ಎಲ್ಲ ಕನ್ನಡಿಗಳೂ ಬರೀ ಹಲಗೆಯಾಗಿದ್ದವು, ಗಂಡಸರು ಎದುರುಬದುರು ಕೂತು ಒಬ್ಬರಿಗೊಬ್ಬರು ಗಡ್ಡ ಹೆರೆದುಕೊಂಡರು. ನಾನು ಟೇಲರ್. ಆ ವರ್ಷ ನನ್ನ ಹೊಲಿಗೆಗೆ ಒಂದೇ ಒಂದು ತಕರಾರು ಬರಲಿಲ್ಲ. ‘ಭಾಳ ಚಲೋ ಕುಂತೈತೆ ರೀ’ ಅಂದರೆ ಸಾಕು, ನಂಬಿಕೊಂಡು ಹೋಗುತ್ತಿದ್ದರು. ಸೀನು ರಜೆ ಹೋದ ವರ್ಷ ಸುಖವಾಗಿರುತ್ತದೆ ಅಂದುಕೊಂಡಿದ್ದೆವು. ಬಂದೇಬಿಟ್ಟಿತು ಅನ್ನುವಾಗ ನಿಂತುಹೋದ ಸೀನನ್ನು ಮೂಗಿನಲ್ಲಿಟ್ಟುಕೊಂಡು ತಿರುಗುವ ಕಷ್ಟ ಶತ್ರುವಿಗೂ ಬೇಡ.

ಯಾವುದು ರಜೆ ಹೋಗಬೇಕು ಅನ್ನುವುದನ್ನು ತೀರ್ಮಾನಿಸುವುದು ಪುರಸಭೆಯ ಮೀಟಿಂಗ್ ಹಾಲಿನ ಕಂಪ್ಯೂಟರು. ಅದರೊಳಗಿನ ಸಾಫ್ಟ್‌ವೇರಿಗೆ ಏನೋ ಉದ್ದನೆಯ ಹೆಸರಿದೆ, ನಾವು ‘ಜೋಡಿ’ ಅನ್ನುತ್ತೇವೆ. ಯಾಕೆಂದರೆ ಅದು ಯಾವತ್ತೂ ಎರಡಕ್ಕಿಂತ ಹೆಚ್ಚು ಕೇಳುವುದಿಲ್ಲ. ತೆರೆಯ ಎಡಗಡೆ ಒಂದು ಹೆಸರು, ಬಲಗಡೆ ಒಂದು ಹೆಸರು. ಕುಡಿಯುವ ನೀರೋ, ಬೀದಿ ದೀಪವೋ? ಬೆಲ್ಲವೋ, ನೆರಳೋ? ಯಾವುದು ಹೆಚ್ಚು ಬೇಕೋ ಅದರ ಕೆಳಗಿನ ಗುಂಡಿ ಒತ್ತಬೇಕು, ಅಷ್ಟೆ. ಹೀಗೆ ಊರಿನವರೆಲ್ಲ ಒತ್ತಿ ಮುಗಿಸಿದ ಮೇಲೆ ಜೋಡಿ ಎಲ್ಲವನ್ನೂ ಸಾಲಾಗಿ ನಿಲ್ಲಿಸುತ್ತದೆ. ಸಾಲಿನ ತಲೆಯಲ್ಲಿರುವುದನ್ನು ಪುರಸಭೆಯವರು ಮೊದಲು ನೋಡಿಕೊಳ್ಳುತ್ತಾರೆ, ಬಾಲದಲ್ಲಿರುವುದು ರಜೆ ಹೋಗುತ್ತದೆ. ಜೋಡಿ ಬರುವ ಮುಂಚೆ ಹಿರಿಯರು ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಒಟ್ಟಿಗೇ ಕೂಗಿ ತೀರ್ಮಾನಿಸುತ್ತಿದ್ದರಂತೆ. ಆಗ ಪ್ರತಿ ಯುಗಾದಿಗೂ ಒಂದಿಷ್ಟು ಅಂಗಿ ಹರಿಯುತ್ತಿದ್ದವು ಎಂದು ನನಗೆ ಕೆಲಸ ಕಲಿಸಿದ ಟೇಲರ್ ಹೇಳುತ್ತಿದ್ದರು. ಎರಡೆರಡೇ ಕೇಳಲು ಶುರುವಾದ ಮೇಲೆ ಜಗಳ ನಿಂತಿತು. ಎರಡರಲ್ಲಿ ಒಂದು ಹೇಳಲು ಯಾರಿಗೆ ಕಷ್ಟ?

ಕಷ್ಟ ನನಗೆ ಗೊತ್ತಾದದ್ದು ಹಾಡು ಸಾಲಿನ ಬಾಲಕ್ಕೆ ಬಂದ ವರ್ಷ. ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ತಮ್ಮ ಸಿದ್ಲಿಂಗ, ಇಬ್ಬರೇ. ಅವನಿಗೆ ಮಾತು ಬಾಯಿಗೆ ಬರುವುದಿಲ್ಲ. ಬರುವುದಿಲ್ಲವೆಂದರೆ, ಮೊದಲ ಅಕ್ಷರ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಕತ್ತಿನ ನರ ಉಬ್ಬುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಅಕ್ಷರ ಮಾತ್ರ ಅಲ್ಲೇ ಕೂತಿರುತ್ತದೆ. ಚಿಕ್ಕವನಿದ್ದಾಗ ಅವನು ಹಸಿವಾದರೆ ಹೊಟ್ಟೆ ಮುಟ್ಟಿ ತೋರಿಸುತ್ತಿದ್ದ, ಬೇರೆ ಹುಡುಗರು ಹೊಡೆದರೆ ಹೊಡೆದ ಜಾಗ ತೋರಿಸುತ್ತಿದ್ದ. ಯಾರು ಹೊಡೆದರು ಅಂತ ಕೇಳಿದರೆ ಗೋಡೆ ನೋಡುತ್ತಿದ್ದ. ಒಂದು ಮಧ್ಯಾಹ್ನ ನಾನು ಮಷಿನ್ ತುಳಿಯುತ್ತಾ ಬೀಸುವ ಪದವೊಂದನ್ನು ಗುನುಗುತ್ತಿದ್ದೆ. ಅವನೂ ಗುನುಗಿದ. ಹಾಗೆ ಗುನುಗುತ್ತಾ ಅದೇ ಧಾಟಿಯಲ್ಲಿ ‘ಅಕ್ಕಾ, ಮಜ್ಜಿಗೀಗೆ ಉಪ್ಪಿಲ್ಲಾ’ ಅಂದ. ಒಂದು ಅಕ್ಷರವೂ ತಡವರಿಸಲಿಲ್ಲ. ನಾನು ಮಷಿನ್ ನಿಲ್ಲಿಸಿ ಅತ್ತುಬಿಟ್ಟೆ, ಅವನು ಗಾಬರಿಯಾಗಿ ಉಪ್ಪಿಲ್ಲದಿದ್ದರೂ ಪರವಾಗಿಲ್ಲ ಎಂದು ಹಾಡಿದ.

ಅಂದಿನಿಂದ ಸಿದ್ಲಿಂಗ ಮಾತಾಡುವುದೆಲ್ಲ ಧಾಟಿಯಲ್ಲೇ. ಈಗ ಅವನು ಮೈಕ್ ಆಟೋ ಓಡಿಸುತ್ತಾನೆ. ನಲ್ಲಿ ನೀರು ಎಷ್ಟೊತ್ತಿಗೆ ಬರುತ್ತದೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಯಾವ ಅಂಗಡಿಯಲ್ಲಿ ಸೀರೆಗೆ ರಿಯಾಯಿತಿ, ಎಲ್ಲವನ್ನೂ ಬೀದಿ ಬೀದಿಯಲ್ಲಿ ಹಾಡಿಕೊಂಡು ಹೋಗುತ್ತಾನೆ. ದಿನಸಿ ಅಂಗಡಿಯಲ್ಲಿ ಕಡ್ಲೆಬೇಳೆಯನ್ನು ಭಜನೆಯ ಧಾಟಿಯಲ್ಲಿ ಕೇಳುತ್ತಾನೆ, ಅಂಗಡಿಯವರೂ ಅದೇ ಧಾಟಿಯಲ್ಲಿ ಇಲ್ಲ ಅನ್ನುತ್ತಾರೆ. ಸಿಟ್ಟು ಬಂದರೆ ಲಾವಣಿ. ಹಾಡು ಒಂದು ವರ್ಷ ರಜೆ ಹೋದರೆ ಯಾರ ಗಂಟಲಿನಿಂದಲೂ ಧಾಟಿ ಹೊರಡುವುದಿಲ್ಲ. ಬೇರೆಯವರಿಗೆ ಅದು ಒಂದು ಮೋಜು ಕಮ್ಮಿಯಾದಂತೆ. ನನ್ನ ತಮ್ಮನಿಗೆ ಮಾತೇ ಹೋಗುತ್ತದೆ. ಅವನು ಮತ್ತೆ ಗೋಡೆ ನೋಡುತ್ತಾ ಕೂರುತ್ತಾನೆ. ಆ ಮನೆಯಲ್ಲಿ ನಾನು ಮೊದಲೇ ಬದುಕಿದ್ದೇನೆ, ಇನ್ನೊಂದು ಸಲ ನನ್ನಿಂದಾಗದು.

ಹಾಡು ಯಾರಿಗೂ ಬೇಡವಾಗಿರಲಿಲ್ಲ, ಅದೇ ಸಂಕಟ. ಊರಿನವರನ್ನು ನಿಲ್ಲಿಸಿ ‘ಹಾಡು ಬೇಕೋ ಬೇಡವೋ’ ಎಂದು ಕೇಳಿದ್ದರೆ ಬೇಕು ಎಂದು ಹಾಡಿಯೇ ತೋರಿಸುತ್ತಿದ್ದರು. ಆದರೆ ಜೋಡಿ ಹಾಗೆ ಕೇಳುವುದಿಲ್ಲವಲ್ಲ. ಹಾಡೋ, ಸೋಪೋ? ಸೋಪು ಇಲ್ಲದೆ ಹೇಗೆ ಎಂದು ಸೋಪು ಒತ್ತಿದರು. ಹಾಡೋ, ಉಪ್ಪಿನಕಾಯಿಯೋ? ನಾಲಿಗೆ ಉಪ್ಪಿನಕಾಯಿ ಅಂದಿತು. ಒಂದೊಂದು ಜೋಡಿಯಲ್ಲೂ ಹಾಡು ಸ್ವಲ್ಪದರಲ್ಲೇ ಸೋತು, ಎಲ್ಲರ ಪ್ರೀತಿಯನ್ನೂ ಇಟ್ಟುಕೊಂಡೇ ಬಾಲಕ್ಕೆ ಬಂದುಬಿಟ್ಟಿತು. ಮೊದಲ ಸುತ್ತು ಮುಗಿದ ಸಂಜೆ ಹಾಲಿನ ದೊಡ್ಡ ತೆರೆಯ ಮೇಲೆ ಕೊನೆಯ ಮೂರು ಹೆಸರು ಕಂಡವು: ಹಗಲುನಿದ್ದೆ, ಪರಿಮಳ, ಹಾಡು. ಇನ್ನೊಂದು ಸಂತೆ ಕಳೆದ ಮೇಲೆ ಎರಡನೆಯ ಸುತ್ತು, ಅದರಲ್ಲಿ ಇಷ್ಟನ್ನೇ ಜೋಡಿ ಮಾಡಿ ಕೇಳುತ್ತದೆ. ಸಿದ್ಲಿಂಗ ತೆರೆಯನ್ನು ನೋಡಿ ನನ್ನ ಕಡೆ ನೋಡಿದ. ಹಾಡಲೂ ಇಲ್ಲ. ಮನೆಗೆ ಬಂದು ಉಣ್ಣದೆ ಮಲಗಿದ.

ನಾನು ಸುಮ್ಮನೆ ಕೂರುವ ಪೈಕಿ ಅಲ್ಲ. ಲೆಕ್ಕ ಹಾಕಿದೆ. ಬಾಲದಿಂದ ತಪ್ಪಿಸಿಕೊಳ್ಳಲು ಎಲ್ಲವನ್ನೂ ಗೆಲ್ಲಬೇಕಾಗಿಲ್ಲ, ಪಕ್ಕದಲ್ಲಿರುವ ಒಂದನ್ನು ಗೆದ್ದರೆ ಸಾಕು. ಯಾವುದನ್ನು ಗೆಲ್ಲುವುದು? ಹಗಲುನಿದ್ದೆ ಅಂದರೆ ಬೇಕರಿಯ ದಸ್ತಗೀರ್ ಚಾಚಾ. ವಯಸ್ಸಾದವರು, ರಾತ್ರಿಯಿಡೀ ಭಟ್ಟಿಯ ಮುಂದೆ ನಿಂತು ಊರಿಗೆಲ್ಲ ಬೆಳಗಿನ ಬ್ರೆಡ್ಡು, ಬನ್ನು ಸುಡುತ್ತಾರೆ. ಹಗಲು ಮಲಗಿದರೆ ಉಂಟು, ಇಲ್ಲದಿದ್ದರೆ ಅವರಿಗೆ ನಿದ್ದೆಯೇ ಇಲ್ಲ. ಸಿದ್ಲಿಂಗ ಚಿಕ್ಕವನಿದ್ದಾಗ ಅವನು ಬಾಯಿ ಬಿಟ್ಟು ಕೇಳಲಾರ ಎಂದು ಕೇಳುವ ಮುಂಚೆಯೇ ಬನ್ನು ಕೊಡುತ್ತಿದ್ದವರು ಅವರು. ಅವರ ನಿದ್ದೆಗೆ ನಾನು ಕೈ ಹಾಕಲಾರೆ. ಉಳಿದದ್ದು ಪರಿಮಳ. ಪರಿಮಳ ಅಂದರೆ ನನ್ನ ಅಂಗಡಿಯ ಮೆಟ್ಟಿಲ ಮೇಲೇ ಬುಟ್ಟಿ ಇಟ್ಟುಕೊಂಡು ಕೂರುವ ಹೂವಿನ ಕೊಟ್ರವ್ವ. ಪರಿಮಳ ಹೋದರೂ ಹೂ ಹೂವೇ ಅಲ್ಲವೇ, ಬಣ್ಣ ಎಲ್ಲಿ ಹೋಗುತ್ತದೆ, ಮುಡಿಯುವವರು ಮುಡಿಯುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವಾಸನೆಯಿಲ್ಲದ ಮಲ್ಲಿಗೆಯನ್ನು ಯಾರು ಕೊಳ್ಳುತ್ತಾರೆ ಅನ್ನುವುದು ನನಗೂ ಗೊತ್ತಿತ್ತು.

ಬ್ಲೌಸಿನ ಅಳತೆ ಕೊಡಲು ಬಂದವರಿಗೆಲ್ಲ ಟೇಪು ಸುತ್ತುತ್ತಾ ಮೆಲ್ಲಗೆ ಹೇಳಿದೆ. ‘ಹಾಡೋ ಪರಿಮಳವೋ ಅಂತ ಬಂದ್ರೆ ಹಾಡು ಒತ್ರಿ ಅಕ್ಕಾ, ನಮ್ ಸಿದ್ಲಿಂಗನ ಸಲುವಾಗಿ.’ ಎಲ್ಲರದೂ ಒಂದೇ ಉತ್ತರ: ‘ಅಯ್ಯ, ಅದನ್ನೇನ್ ಹೇಳ್ಬೇಕಾ ಗೌರಮ್ಮಾ, ನಿನ್ ತಮ್ಮ ನಮ್ ತಮ್ಮ ಅಲ್ಲೇನು?’ ನಮ್ಮೂರಿನವರಿಗೆ ಮುಖ ನೋಡಿಕೊಂಡು ಇಲ್ಲ ಅನ್ನಲು ಬರುವುದಿಲ್ಲ. ದಾಕ್ಷಿಣ್ಯ ಅವರಿಗೆ ಹುಟ್ಟುಗುಣ. ಸಾಲ ಕೇಳಿದರೂ ಹೂಂ, ಎಮ್ಮೆ ಕೇಳಿದರೂ ಹೂಂ, ಆಮೇಲೆ ಮನೆಗೆ ಹೋಗಿ ತಲೆ ಚಚ್ಚಿಕೊಳ್ಳುತ್ತಾರೆ. ಇಷ್ಟು ಸಲೀಸಾಗಿ ಒಪ್ಪುತ್ತಿದ್ದಾರಲ್ಲ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ನಾನು ಒಳಗೆ ದನಿ ಇಳಿಸಿದರೆ ಮೆಟ್ಟಿಲ ಮೇಲೆ ಕೊಟ್ರವ್ವನೂ ಗಿರಾಕಿಗಳ ಜೊತೆ ದನಿ ಇಳಿಸುತ್ತಿದ್ದಳು. ಅತ್ತ ದಸ್ತಗೀರ್ ಚಾಚಾ ಬ್ರೆಡ್ಡಿಗೆ ಬಂದವರ ಕೈಗೆ ಒಂದೊಂದು ಬನ್ನು ಜಾಸ್ತಿ ಇಡುತ್ತಿದ್ದಾರೆ ಎಂದು ಕೇಳಿದೆ. ಪಾಪ, ಒಳ್ಳೆಯ ಮನುಷ್ಯ ಅಂದುಕೊಂಡೆ.

ಎರಡನೆಯ ಸುತ್ತಿನ ದಿನ ಊರಿಗೆ ಊರೇ ಪುರಸಭೆ ಹಾಲಿನಲ್ಲಿತ್ತು. ಸಾಲು ನಿಂತು ಒಬ್ಬೊಬ್ಬರೇ ಬಟ್ಟೆಯ ಪರದೆಯ ಹಿಂದೆ ಹೋಗಿ ಒತ್ತಿ ಬಂದರು. ಬರುವಾಗ ನನ್ನ ಕಡೆ ನೋಡಿ ಕಣ್ಣಲ್ಲೇ ‘ಆಯ್ತು’ ಅಂದರು. ಆಮೇಲೆ ತಿರುಗಿ ಕೊಟ್ರವ್ವನ ಕಡೆ ನೋಡಿಯೂ ಹಾಗೇ ಅಂದರು. ಚಾಚಾನ ಕಡೆಗೂ ಅಂದರು. ಎಲ್ಲರೂ ಒತ್ತಿ ಮುಗಿಸಿದ ಮೇಲೆ ಜೋಡಿ ಯಾವತ್ತಿನಂತೆ ಕೂಡಲೇ ಫಲಿತಾಂಶ ಕೊಡಲಿಲ್ಲ. ತೆರೆಯ ಮೇಲೆ ಮೂರು ಹೆಸರುಗಳು ಒಂದರ ಹಿಂದೆ ಒಂದು ಸುತ್ತತೊಡಗಿದವು. ಕಂಪ್ಯೂಟರ್ ನೋಡಿಕೊಳ್ಳುವ ಪದ್ಮನಾಭಯ್ಯನವರು ಕನ್ನಡಕ ಒರೆಸಿಕೊಂಡು ಎದ್ದು ನಿಂತರು. ಅವರು ಮಾತಾಡಿದರೆ ಆಕಾಶವಾಣಿ ಕೇಳಿದಂತಿರುತ್ತದೆ. ‘ಮಹಾಜನರೇ, ಒಂದು ವಿಚಿತ್ರ ಸಂಭವಿಸಿದೆ. ಹಾಡು ಪರಿಮಳವನ್ನು ಮೀರಿದೆ. ಪರಿಮಳ ಹಗಲುನಿದ್ದೆಯನ್ನು ಮೀರಿದೆ. ಹಗಲುನಿದ್ದೆ ಹಾಡನ್ನು ಮೀರಿದೆ. ಇದು ಆದಿ ಅಂತ್ಯವಿಲ್ಲದ ಸುತ್ತು. ಇದರಲ್ಲಿ ಕೊನೆ ಯಾವುದೆಂದು ಯಂತ್ರಕ್ಕೆ ಗೊತ್ತಾಗುತ್ತಿಲ್ಲ.’

ಯಂತ್ರಕ್ಕೆ ಗೊತ್ತಾಗದಿದ್ದರೂ ನಮ್ಮ ಮೂವರಿಗೆ ಗೊತ್ತಾಯಿತು. ನಾನು ಹಾಡನ್ನು ಪರಿಮಳದ ತಲೆಯ ಮೇಲೆ ಹತ್ತಿಸಲು ಕೇಳಿಕೊಂಡಿದ್ದೆ. ಕೊಟ್ರವ್ವ ಪರಿಮಳವನ್ನು ನಿದ್ದೆಯ ಮೇಲೆ ಹತ್ತಿಸಲು ಕೇಳಿಕೊಂಡಿದ್ದಳು. ನಾನು ಯಾರ ನಿದ್ದೆಗೆ ಕೈ ಹಾಕಲಾರೆ ಎಂದು ದೊಡ್ಡ ಮನಸ್ಸು ಮಾಡಿದ್ದೆನೋ, ಆ ದಸ್ತಗೀರ್ ಚಾಚಾ ನಿದ್ದೆಯನ್ನು ಹಾಡಿನ ಮೇಲೆ ಹತ್ತಿಸಲು ಬನ್ನು ಹಂಚಿದ್ದರು. ದಾಕ್ಷಿಣ್ಯದ ಊರು ಮೂವರಿಗೂ ಹೂಂ ಅಂದು, ಮೂವರ ಮಾತನ್ನೂ ಚಾಚೂ ತಪ್ಪದೆ ನಡೆಸಿಕೊಟ್ಟಿತ್ತು. ಜನ ಈಗ ಫ್ಯಾನು ನೋಡುತ್ತಿದ್ದರು, ಉಗುರು ನೋಡುತ್ತಿದ್ದರು.

ಮೊದಲು ಬಾಯಿ ಬಿಟ್ಟವಳು ಕೊಟ್ರವ್ವ. ‘ಏ ಗೌರಿ, ದಿನಾ ನಿನ್ ಮೆಟ್ಲ ಮ್ಯಾಲೆ ಕುಂದ್ರತೀನಿ. ನನ್ ಹೂವಿನ ವಾಸ್ನೀನ ಕಿತ್ಕೊಳ್ಳಾಕೆ ನಿಂಗೆ ಮನಸ್ಸು ಬಂತೇನವ್ವಾ?’ ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನ್ನ ಬಾಯಿ ಇನ್ನೂ ಜೋರಾಗುತ್ತದೆ. ‘ನೀ ಏನ್ ಕಮ್ಮಿ ಕೊಟ್ರಕ್ಕಾ? ಹಿರೇ ಮನುಷ್ಯನ ನಿದ್ದಿ ಕಸ್ಗೊಳ್ಳಾಕೆ ಹೊಂಟಿದ್ದೆ!’ ಅಂದೆ. ‘ಹಗಲು ಬನ್ನು ಸುಟ್ಟು ರಾತ್ರಿ ಮಲಗಲಿ ಅಂತ ಅಂದ್ಕಂಡಿದ್ದೆ’ ಎಂದು ಅವಳು ಗೊಣಗಿದಳು. ಚಾಚಾ ತಲೆ ಎತ್ತಲಿಲ್ಲ. ‘ಹುಡುಗ ಸ್ಲೇಟಲ್ಲಿ ಬರೆದು ತೋರಿಸ್ತಾನೆ, ಒಂದು ವರ್ಷ ತಾನೇ, ಅಂತ ಅಂದ್ಕೊಂಡೆ ಗೌರಮ್ಮಾ’ ಅಂದರು.

ಇಂಥ ಸುತ್ತು ಬಿದ್ದರೆ ಏನು ಮಾಡಬೇಕು ಎಂಬುದಕ್ಕೂ ಜೋಡಿಯಲ್ಲಿ ನಿಯಮವಿತ್ತು. ಇದುವರೆಗೆ ಅದನ್ನು ಯಾರೂ ಬಳಸಿರಲಿಲ್ಲ. ಪದ್ಮನಾಭಯ್ಯನವರು ಓದಿ ಹೇಳಿದರು. ಮೂರನೆಯ ಸುತ್ತಿನಲ್ಲಿ ಊರನ್ನು ಕೇಳುವುದಿಲ್ಲ. ಬಾಲದಲ್ಲಿರುವ ವಸ್ತುಗಳ ಪರವಾಗಿ ಊರನ್ನು ಕೇಳಿಕೊಂಡವರನ್ನೇ, ಅಂದರೆ ನಮ್ಮ ಮೂವರನ್ನೇ, ಒಬ್ಬೊಬ್ಬರಾಗಿ ಒಳಗೆ ಕರೆದು ಒಂದೊಂದೇ ಜೋಡಿ ಕೇಳುತ್ತದೆ: ನಿಮ್ಮದೋ, ನಿಮ್ಮದನ್ನು ಮೀರಿದ್ದೋ? ಕೊಟ್ರವ್ವನಿಗೆ ಪರಿಮಳವೋ, ಹಾಡೋ. ಚಾಚಾನಿಗೆ ನಿದ್ದೆಯೋ, ಪರಿಮಳವೋ. ನನಗೆ ಹಾಡೋ, ನಿದ್ದೆಯೋ. ಈ ಮೂರು ಒತ್ತುಗಳ ಮೇಲೆ ಕೊನೆ ಯಾವುದೆಂದು ತೀರ್ಮಾನ. ಆಗಲೂ ಸುತ್ತೇ ಬಿದ್ದರೆ ಬಾಲದ ಜಾಗ ಖಾಲಿ, ಆ ವರ್ಷ ಯಾವುದಕ್ಕೂ ರಜೆಯಿಲ್ಲ. ‘ಕಾಯುವಾಗ ಮೂವರೂ ಒಂದೇ ಬೆಂಚಿನ ಮೇಲೆ ಕೂಡಬೇಕು. ಒತ್ತುವ ವಿಷಯ ಪರಸ್ಪರ ಮಾತಾಡಕೂಡದು’ ಅಂದರು. ಪರದೆ ಸರಿಮಾಡಲು, ಯಂತ್ರ ತಣ್ಣಗಾಗಲು ಸ್ವಲ್ಪ ಹೊತ್ತು ಬೇಕೆಂದು ಜನರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದರು.

ಬೆಂಚಿನ ಮೇಲೆ ಕೂತು ನಾನು ಮತ್ತೆ ಲೆಕ್ಕ ಹಾಕಿದೆ. ಹಾಡು ಒತ್ತಿದರೆ ನನ್ನ ತಮ್ಮ ಉಳಿದ, ಅದರಲ್ಲಿ ಎರಡು ಮಾತಿಲ್ಲ. ಒಂದನ್ನಾದರೂ ಗೆದ್ದದ್ದು ಬಾಲಕ್ಕೆ ಹೋಗುವುದಿಲ್ಲವಲ್ಲ. ನಿದ್ದೆ ಒತ್ತಿದರೆ ಏನಾಗುತ್ತದೆ ಅನ್ನುವುದು ಕೊಟ್ರವ್ವನ ಬೆರಳಿನ ಮೇಲಿತ್ತು. ಅವಳು ತನ್ನ ಪರಿಮಳವನ್ನೇ ಒತ್ತಿ, ನಾನು ನಿದ್ದೆ ಒತ್ತಿದರೆ ಹಾಡು ಎರಡರ ಕೈಲೂ ಸೋತು ರಜೆ ಹೋಗುತ್ತದೆ. ಮೂವರೂ ತಮ್ಮದನ್ನು ಬಿಟ್ಟು ಇನ್ನೊಬ್ಬರದನ್ನು ಒತ್ತಿದರೆ ಮಾತ್ರ ಇದೇ ಸುತ್ತು ಹಾಗೇ ನಿಲ್ಲುತ್ತದೆ, ಮೂವರೂ ಉಳಿಯುತ್ತೇವೆ. ಆದರೆ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳುವಂತಿದ್ದರೂ, ಬೆನ್ನ ಹಿಂದೆ ಕೆಲಸ ಮಾಡಿ ಈಗಷ್ಟೇ ಸಿಕ್ಕಿಬಿದ್ದವಳನ್ನು ಯಾರು ನಂಬುತ್ತಾರೆ? ಕೊಟ್ರವ್ವನ ವಾಸನೆ ಕಿತ್ತುಕೊಳ್ಳಲು ಊರೆಲ್ಲ ತಿರುಗಿದವಳು ನಾನು. ಆ ಕೊಟ್ರವ್ವನ ಬೆರಳಿನ ಮೇಲೆ ನನ್ನ ತಮ್ಮನ ನಾಲಿಗೆ ಬಿಟ್ಟು ಬರಬೇಕಿತ್ತು. ಹಾಡು ಒತ್ತುವುದೇ ಸರಿ ಎಂದು ತೀರ್ಮಾನಿಸಿಕೊಂಡೆ.

ಬಾಗಿಲು ಹಾಕಿದ್ದರಿಂದ ಹಾಲಿನೊಳಗೆ ಸೆಕೆ. ಕೊಟ್ರವ್ವನ ಬುಟ್ಟಿ ಬೆಂಚಿನ ಕೆಳಗಿತ್ತು. ಬೆಳಗಿನ ಮಲ್ಲಿಗೆ, ಮಾರದೆ ಉಳಿದದ್ದು, ಸೆಕೆಗೆ ಅರಳಿ ಹಾಲಿಗೆಲ್ಲ ವಾಸನೆ ಬಿಟ್ಟಿತ್ತು. ದಿನಾ ನನ್ನ ಮೆಟ್ಟಿಲ ಮೇಲಿಂದ ಬರುವ ವಾಸನೆಯೇ. ಬಟ್ಟೆ, ಎಣ್ಣೆ, ಇಸ್ತ್ರಿಯ ಹಬೆ ಇವುಗಳ ನಡುವೆ ನನ್ನ ಅಂಗಡಿಯಲ್ಲಿ ಉಸಿರಾಡಲು ಹಿತವಾಗಿದ್ದದ್ದು ಅದೊಂದೇ ಎಂದು ಆಗ ಹೊಳೆಯಿತು. ಇಷ್ಟು ವರ್ಷ ಒಂದು ದಿನವೂ ಅದನ್ನು ಅವಳಿಗೆ ಹೇಳಿರಲಿಲ್ಲ. ಚಾಚಾ ನಮ್ಮಿಬ್ಬರ ನಡುವೆ ಕೂತಿದ್ದರು. ರಾತ್ರಿಯ ಭಟ್ಟಿ ಕೆಲಸ ಮುಗಿಸಿ ನೇರ ಇಲ್ಲಿಗೆ ಬಂದವರು. ಕೂತಲ್ಲೇ ತೂಕಡಿಸಿ, ಮೆಲ್ಲಗೆ ವಾಲಿ, ಕೊನೆಗೆ ತಲೆಯನ್ನು ನನ್ನ ಹೆಗಲ ಮೇಲಿಟ್ಟು ನಿದ್ದೆ ಹೋದರು. ಆಗಷ್ಟೇ ನನ್ನ ತಮ್ಮನ ಮಾತಿಗೆ ಕುತ್ತು ತಂದ ಮನುಷ್ಯ. ತಳ್ಳಬಹುದಿತ್ತು. ಅವರ ಗಡ್ಡದಲ್ಲಿ ಮೈದಾ ಹಿಟ್ಟು ಅಂಟಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಎಂಥ ನಿದ್ದೆ ಅಂದರೆ, ಎಷ್ಟೋ ಕಾಲದಿಂದ ಯಾರೋ ಬಾಕಿ ಇಟ್ಟುಕೊಂಡಿದ್ದನ್ನು ಈಗ ಕೊಟ್ಟರೇನೋ ಅನ್ನುವ ಹಾಗೆ ಮಲಗಿದ್ದರು. ನಾನು ಹೆಗಲು ಅಲುಗಿಸದೆ ಕೂತೆ. ಕೊಟ್ರವ್ವ ಸೆರಗಿನಿಂದ ಅವರ ಮುಖದ ನೊಣ ಓಡಿಸಿದಳು.

ಹೊರಗೆ ಬಿಸಿಲಲ್ಲಿ ಜನ ಗಲಾಟೆ ಮಾಡುತ್ತಿದ್ದರು. ಪದ್ಮನಾಭಯ್ಯನವರು ಹೇಳಿ ಕಳಿಸಿರಬೇಕು, ಸಿದ್ಲಿಂಗನ ಮೈಕು ಶುರುವಾಯಿತು. ‘ನೆರಳಿಗೆ ಬರ್ರೀ ಅಣ್ಣಗಳಿರಾ, ಹಸುಗೂಸು ಇದ್ದವ್ರು ಮುಂದಕ ಬರ್ರೀ, ಮಡಿಕ್ಯಾಗ ನೀರು ಐತೀ…’ ಎಂದು ಹಾಡುತ್ತಿದ್ದ. ಇನ್ನು ಸ್ವಲ್ಪ ಹೊತ್ತಿಗೆ ತನ್ನ ಬಾಯಿಗೇ ಬೀಗ ಬೀಳಬಹುದು, ಅವನು ಬೇರೆಯವರ ಬಾಯಾರಿಕೆಗೆ ಹಾಡುತ್ತಿದ್ದಾನೆ. ಕೊಟ್ರವ್ವ ಕಿವಿಗೊಟ್ಟು ಕೇಳಿದಳು. ಆಮೇಲೆ, ‘ಇವ್ನು ಹಿಂಗೆ ಹಾಡ್ಕೋತ ಬಂದು ಮೊಳ ಮಲ್ಲಿಗಿ ಕೇಳಿದ್ರೆ ನಾ ಯಾವತ್ತೂ ಮೊಳ ಅಳೆದು ಕೊಟ್ಟಿಲ್ಲವ್ವಾ. ಕೈ ತಾನಾಗೇ ಉದ್ದ ಹೋಗ್ತೈತೆ’ ಅಂದಳು. ‘ಯಾರಿಗೆ ಒಯ್ತಾನೆ ಮಲ್ಲಿಗಿ?’ ಎಂದು ನಾನು ಕೇಳಿದೆ. ‘ಹಯ್, ನಿಂಗೇ ಅಲ್ಲೇನು? ಮಷಿನ್ ಮ್ಯಾಲೆ ದಿನಾ ಇಟ್ಟಿರ್ತಾನಲ್ಲ?’ ಅಂದಳು. ಮಷಿನಿನ ಮೇಲಿನ ಹೂವನ್ನು ಅವಳೇ ಇಡುತ್ತಾಳೆ ಅಂದುಕೊಂಡಿದ್ದೆ ನಾನು.

‘ಕೊಟ್ರವ್ವನವರು ಬರಬೇಕು’ ಎಂದು ಪದ್ಮನಾಭಯ್ಯನವರು ಕರೆದರು. ಅವಳು ಎದ್ದು, ಸೆರಗು ಕಟ್ಟಿ, ಪರದೆಯ ಹಿಂದೆ ಹೋದಳು. ಹೋದಷ್ಟೇ ಬೇಗ ಬಂದಳು. ಮುಖದಲ್ಲಿ ಏನೂ ಕಾಣಲಿಲ್ಲ. ಬಂದು ಕೂತವಳು, ‘ಏ ಗೌರಿ, ಆ ಹುಡುಗ ಊರಿಗೆಲ್ಲ ನೀರು ಕುಡೀರಿ ಅಂತ ಒದರ್ತಾನ, ಅವ್ನು ಕುಡದಾನೇನು ಯಾರಾರ ಕೇಳಿದಿರಾ?’ ಅಂದಳು. ಅಷ್ಟೆ. ಆಮೇಲೆ ಚಾಚಾನನ್ನು ಎಬ್ಬಿಸಿದೆವು. ಗಾಬರಿಯಿಂದ ಎದ್ದು ಟೋಪಿ ಸರಿಮಾಡಿಕೊಂಡು, ‘ಮಾಫ್ ಮಾಡು ಗೌರಮ್ಮಾ, ಹೆಗಲು ನೋವಾಯಿತೇನೋ’ ಎಂದು ಒಳಗೆ ಹೋದರು. ಅವರು ಬರಲು ತಡವಾಯಿತು. ಬಂದವರು ನಮ್ಮನ್ನು ನೋಡದೆ ಬೆಂಚಿನ ಆ ತುದಿಯಲ್ಲಿ ಕೂತರು.

ಕೊನೆಗೆ ನಾನು ಹೋದೆ. ಪರದೆಯ ಹಿಂದೆ ಒಂದು ಸ್ಟೂಲು, ಒಂದು ತೆರೆ, ಎರಡು ಗುಂಡಿ. ಎಡಗಡೆ ‘ಹಾಡು’, ಬಲಗಡೆ ‘ಹಗಲುನಿದ್ದೆ’. ಎಡಗಡೆ ಬೆರಳಿಟ್ಟೆ. ಅಲ್ಲೇ ಇಟ್ಟುಕೊಂಡು ಕೂತೆ. ಹೆಗಲ ಮೇಲೆ ಚಾಚಾನ ತಲೆಯ ಭಾರ ಇನ್ನೂ ಇದ್ದಂತಿತ್ತು, ಅಲ್ಲಿ ರವಿಕೆ ಬೆವರಿಗೆ ಒದ್ದೆಯಾಗಿತ್ತು. ಈ ಗುಂಡಿ ಒತ್ತಿದರೆ ಮುಗಿಯಿತು, ನನ್ನ ತಮ್ಮ ಉಳಿದ. ಯಾರೂ ತಪ್ಪು ಅನ್ನುವುದಿಲ್ಲ. ಆದರೆ ಕೊಟ್ರವ್ವ ಹಾಡು ಒತ್ತಿದ್ದರೆ? ಚಾಚಾ ಅಷ್ಟು ಹೊತ್ತು ಒಳಗಿದ್ದು ಪರಿಮಳ ಒತ್ತಿ ಬಂದಿದ್ದರೆ? ಆಗ ನಾನೊಬ್ಬಳು ಎಡಗಡೆ ಒತ್ತಿದ್ದರಿಂದ ಆ ಮುದುಕ ವರ್ಷವಿಡೀ ಕಣ್ಣು ಮುಚ್ಚಲಾರ. ಒತ್ತಿಲ್ಲದಿದ್ದರೆ? ಕೊಟ್ರವ್ವ ಹಾಡು ಒತ್ತಿಲ್ಲದೆ ನಾನು ಬಲಗಡೆ ಒತ್ತಿದರೆ ಸಿದ್ಲಿಂಗ ಗೋಡೆ ನೋಡುತ್ತಾನೆ. ನನಗೆ ಅಳು ಬಂತು, ಸಿಟ್ಟೂ ಬಂತು. ಎರಡರಲ್ಲಿ ಒಂದು ಹೇಳುವುದು ಏನು ಕಷ್ಟ ಎಂದು ಇಷ್ಟು ವರ್ಷ ಕೇಳುತ್ತಿದ್ದ ನನ್ನ ಬಾಯಿಗೆ ಬೆಂಕಿ ಬೀಳಲಿ ಅನ್ನಿಸಿತು. ನೀರು ಕುಡಿದಾನೇನು ಎಂದು ಕೇಳಿದ ಹೆಂಗಸು ಅವನ ಬಾಯಿ ಮುಚ್ಚಿಸಿ ಬಂದಿರಲಾರಳು. ಹಾಗೆ ಅಂದುಕೊಂಡು, ಕಣ್ಣು ಮುಚ್ಚಿ, ಬಲಗಡೆ ಒತ್ತಿದೆ. ಒತ್ತಿದ ಮರುಗಳಿಗೆಯೇ ಎಡಗಡೆಯದಕ್ಕೆ ಕೈ ಹಾಕಿದೆ. ಇನ್ನೊಮ್ಮೆ ಒತ್ತಲು ಬರುತ್ತದೆಯೇ ಎಂದು ನೋಡಿದೆ. ಗುಂಡಿ ಅಲುಗಲಿಲ್ಲ.

ಬಾಗಿಲು ತೆರೆದು ಜನರನ್ನು ಒಳಗೆ ಬಿಟ್ಟರು. ನಾನು ಕೊಟ್ರವ್ವನ ಕಡೆಯಾಗಲಿ ಚಾಚಾನ ಕಡೆಯಾಗಲಿ ನೋಡಲಿಲ್ಲ. ಸಿದ್ಲಿಂಗ ಬಂದು ಪಕ್ಕದಲ್ಲಿ ನಿಂತ, ಅವನ ಮುಖವನ್ನೂ ನೋಡಲಾಗಲಿಲ್ಲ. ದೊಡ್ಡ ತೆರೆ ಕಪ್ಪಾಗಿ, ಆಮೇಲೆ ಬೆಳಗಿತು. ಮೂರು ಹೆಸರುಗಳು ಒಂದರ ಹಿಂದೆ ಒಂದು ಸುತ್ತತೊಡಗಿದವು. ಸುತ್ತುತ್ತಲೇ ಇದ್ದವು. ಕೆಳಗೆ ಅಕ್ಷರ ಮೂಡಿತು: ‘ಕೊನೆಯ ಸ್ಥಾನ ಖಾಲಿ. ಈ ವರ್ಷ ಯಾವುದಕ್ಕೂ ರಜೆಯಿಲ್ಲ.’ ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಆಮೇಲೆ ಕೇಕೆ, ಶಿಳ್ಳೆ, ಯಾರೋ ಯಾರನ್ನೋ ಎತ್ತಿ ಕುಣಿಸಿದರು. ವರ್ಷಪೂರ್ತಿ ಎಲ್ಲವೂ ಇರುವ ವರ್ಷವನ್ನು ನಮ್ಮೂರು ಕಂಡೇ ಇರಲಿಲ್ಲ, ಹುಟ್ಟುವ ಮಕ್ಕಳಿಗೆ ಯಾವ ವರ್ಷ ಎಂದು ಹೇಳುವುದು ಎಂದು ಆಗಲೇ ಒಬ್ಬರು ಚಿಂತೆ ಶುರುಮಾಡಿದ್ದರು.

ಪದ್ಮನಾಭಯ್ಯನವರು ಕೈ ಎತ್ತಿ ಜನರನ್ನು ಸುಮ್ಮನಾಗಿಸಿದರು. ‘ಒಂದು ವಿವರಣೆ. ಈ ಸುತ್ತು ಬೀಳಲು ಎರಡೇ ದಾರಿ. ಮೂವರೂ ತಮ್ಮ ತಮ್ಮದನ್ನೇ ಒತ್ತಿರಬೇಕು, ಇಲ್ಲವೇ ಮೂವರೂ ಇನ್ನೊಬ್ಬರದನ್ನು ಒತ್ತಿರಬೇಕು. ಒಬ್ಬರು ಬೇರೆಯಾಗಿದ್ದರೂ ಯಾವುದೋ ಒಂದು ಕೊನೆಗೆ ಬೀಳುತ್ತಿತ್ತು. ಎರಡರಲ್ಲಿ ಯಾವ ದಾರಿ ಎಂಬುದನ್ನು ಯಂತ್ರ ತಿಳಿಸುವುದಿಲ್ಲ.’ ಜನ ನಕ್ಕರು. ‘ಇನ್ಯಾವ ದಾರಿ ಸ್ವಾಮಿ, ಮೂರೂ ಮಂದಿ ತಮ್ಮದನ್ನೇ ಒತ್ಕೊಂಡಾರ, ಕೇಳೋದೇನೈತೆ?’ ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ಅದನ್ನೇ ನಂಬಿದರು. ಮೂವರು ಸ್ವಾರ್ಥಿಗಳಿಂದ ಊರು ಉಳಿಯಿತು ಎಂದು ತಮಾಷೆ ಮಾಡಿದರು. ಆದರೆ ನಾನು ಯಾವುದನ್ನು ಒತ್ತಿದೆ ಎಂದು ನನಗೆ ಗೊತ್ತಿತ್ತು. ಅಂದ ಮೇಲೆ ಅವರಿಬ್ಬರು ಏನು ಒತ್ತಿದರು ಅನ್ನುವುದೂ ಗೊತ್ತಾದಂತೆಯೇ. ತಲೆ ಎತ್ತಿ ನೋಡಿದೆ. ಅದೇ ಹೊತ್ತಿಗೆ ಕೊಟ್ರವ್ವನೂ ನನ್ನನ್ನು ನೋಡಿದಳು, ಚಾಚಾನೂ ನೋಡಿದರು. ಮೂವರಿಗೂ ಒಟ್ಟಿಗೇ ಗೊತ್ತಾಯಿತು. ಚಾಚಾ ಟೋಪಿ ತೆಗೆದು ಅದರಲ್ಲೇ ಕಣ್ಣೊರೆಸಿಕೊಂಡರು. ಕೊಟ್ರವ್ವ ಮಾತ್ರ, ‘ಏನ್ ನೋಡ್ತೀ, ಹೊತ್ತಾತು, ಹೂ ಬಾಡ್ತಾವೆ, ನಡೀ’ ಎಂದು ಬುಟ್ಟಿ ಎತ್ತಿಕೊಂಡಳು.

ಆಟೋದಲ್ಲಿ ಮನೆಗೆ ಹೊರಟೆವು. ಸಿದ್ಲಿಂಗ ಖುಷಿಯಲ್ಲಿ ಹ್ಯಾಂಡಲ್ ಬಡಿಯುತ್ತಾ, ‘ಅಕ್ಕಾ ಇದ್ದಾಳಂತ ನಾ ಉಳದೇನೋ, ಅಕ್ಕನ ಬೆರಳೇ ನನ್ನ ಕಾಯ್ದಿತೋ’ ಎಂದು ಭಜನೆಯ ಧಾಟಿಯಲ್ಲಿ ಶುರುಮಾಡಿದ. ಒಂದಿಷ್ಟು ದೂರ ಕೇಳಿದೆ. ತಡೆಯಲಾಗಲಿಲ್ಲ. ‘ಲೋ, ನಾ ಹಾಡು ಒತ್ಲಿಲ್ಲ’ ಅಂದೆ. ‘ನಿದ್ದಿ ಒತ್ತಿ ಬಂದೀನಿ.’

ಆಟೋ ಗಕ್ಕನೆ ನಿಂತಿತು. ಅವನು ತಿರುಗಿ ನನ್ನನ್ನು ನೋಡಿದ. ಬಾಯಿ ತೆರೆದ, ಅಕ್ಷರ ಸಿಕ್ಕಿಕೊಂಡಿತು, ಕತ್ತಿನ ನರ ಉಬ್ಬಿತು. ನಾನು ಹೆದರಿದೆ. ಮುಂದಿನ ಗಳಿಗೆಗೆ ಲಾವಣಿ ಸಿಡಿಯಿತು. ‘ಎಂಥಾ ಅಕ್ಕ ನೀ, ಯಾವ ಜನ್ಮದ ವೈರೀ, ಒಂದು ವರ್ಷ ನನ್ನ ಬಾಯಿಗೆ ಬೀಗ ಜಡಿಸ್ತಿದ್ಯಲ್ಲೇ, ಕೊಟ್ರವ್ವ ಕೈ ಕೊಟ್ಟಿದ್ರೆ ಏನ್ ಮಾಡ್ತಿದ್ದೀ…’ ಎಂದು ಏರುದನಿಯಲ್ಲಿ ಬೈಯತೊಡಗಿದ. ಮೈಕು ಚಾಲೂ ಇದ್ದದ್ದು ಇಬ್ಬರಿಗೂ ನೆನಪಿರಲಿಲ್ಲ. ಬೀದಿಯ ಕಿಟಕಿಗಳೆಲ್ಲ ತೆರೆದವು. ನನ್ನ ದಡ್ಡತನ, ನನ್ನ ಮೊಂಡುತನ, ನಾನು ಹಾಕುವ ಉಪ್ಪಿಲ್ಲದ ಮಜ್ಜಿಗೆ, ಒಂದನ್ನೂ ಬಿಡದೆ ಪದ ಕಟ್ಟಿ ಹಾಡಿದ, ಒಂದು ಅಕ್ಷರವೂ ತಡವರಿಸಲಿಲ್ಲ. ಬೈಯುತ್ತಲೇ ಆಟೋ ಮತ್ತೆ ಬಿಟ್ಟ. ನಮ್ಮ ಬೀದಿಗೆ ತಿರುಗುವ ಜಾಗ ಬಂತು. ‘ತಿರುಗಿಸಬ್ಯಾಡ, ಕೆರೆ ಏರಿ ಮ್ಯಾಲೆ ಸುತ್ತು ಹಾಕ್ಕೊಂಡು ಹೋಗು’ ಅಂದೆ. ‘ಯಾಕೇ ಪಾಪೀ’ ಎಂದು ಅದೇ ಧಾಟಿಯಲ್ಲಿ ಕೇಳಿದ. ‘ಸುಮ್ನೆ, ನೀನು ಬೈಯಿ’ ಎಂದು ಸೀಟಿಗೆ ಒರಗಿ ಕೂತೆ.